ಕಳ್ಳರು ಹೊಡೆದ ಕೇಸಿಗೆ ಲಾಯರ್ ಖರ್ಚು ಸರ್ಕಾರ ಕೊಡುತ್ತಾ? ಶಿಡ್ಲಘಟ್ಟದ ತಮ್ಮನಿಗೆ ಉತ್ತರ

ತಮ್ಮಾ, ನಿನ್ನ ಪೋಸ್ಟ್ ಓದಿದೆ. ಹಿಪ್ಪುನೇರಳೆ ತೋಟದಲ್ಲಿ ಬೋರ್‌ವೆಲ್ ಕೇಬಲ್ ಕದಿಯಲು ಬಂದವರು, ಟಾರ್ಚ್ ಹಿಡಿದು ಹೋದ ಅಪ್ಪನಿಗೆ ರಾಡಿನಲ್ಲಿ ಹೊಡೆದು ಓಡಿದ್ದಾರೆ. ಮಣಿಕಟ್ಟಿನ ಮೂಳೆ ಮುರಿದಿದೆ, ಕಳ್ಳರು ಸಿಕ್ಕಿಲ್ಲ. ಕೇಸು ನಡೆಸಲು ಒಬ್ಬರು 20 ಸಾವಿರ ಕೇಳುತ್ತಿದ್ದಾರೆ. ಮೇಲೆ ಒಬ್ಬ ಅಣ್ಣ "ಕೊಟ್ಟು ರಸೀದಿ ಇಟ್ಕೊಳ್ಳಿ, ಆಮೇಲೆ ಸರ್ಕಾರ ವಾಪಸ್ ಕೊಡುತ್ತೆ" ಅಂತ ಬರೆದಿದ್ದಾರೆ.

ಆ ಮಾತು ನಂಬಿ ದುಡ್ಡು ಕೊಡಬೇಡ. ನೀನೇ ಇಟ್ಟುಕೊಂಡ ಲಾಯರ್ ಫೀಸನ್ನು ರಸೀದಿ ನೋಡಿ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ. ಇರುವುದು ಬೇರೆ ಥರ: ಲಾಯರನ್ನೇ ಬಿಟ್ಟಿಯಾಗಿ ಕೊಡುತ್ತಾರೆ, ಪೆಟ್ಟಾದದ್ದಕ್ಕೆ ಪರಿಹಾರ ಬೇರೆ ಕೊಡುತ್ತಾರೆ. ಎರಡಕ್ಕೂ ಬಾಗಿಲು ಒಂದೇ, ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರ. ನಾನು ಲಾಯರ್ ಅಲ್ಲ. ಅದರ ತಾಲ್ಲೂಕು ಸಮಿತಿಯಲ್ಲಿ ಸ್ವಯಂಸೇವಕನಾಗಿ ಜನರಿಗೆ ಅರ್ಜಿ ಬರೆದುಕೊಡುತ್ತೇನೆ, ಅಲ್ಲಿ ನೋಡಿದ್ದನ್ನು ಹೇಳುತ್ತಿದ್ದೇನೆ.

ಮೊದಲಿಗೆ, ಎಫ್‌ಐಆರ್ ಆದ ಕೇಸನ್ನು ಕೋರ್ಟಿನಲ್ಲಿ ನಡೆಸುವುದು ಸರ್ಕಾರಿ ವಕೀಲರು. ಅವರಿಗೆ ನೀವು ಒಂದು ರೂಪಾಯಿನೂ ಕೊಡಬೇಕಾಗಿಲ್ಲ. ಅವರ ಜೊತೆ ನಮ್ಮ ಕಡೆಯವರೂ ಒಬ್ಬರು ಇರಲಿ ಅನಿಸಿದರೆ ಕೋರ್ಟಿನ ಅನುಮತಿ ಪಡೆದು ಇಟ್ಟುಕೊಳ್ಳಬಹುದು. ಆದರೆ ಕಳ್ಳರೇ ಸಿಗದೆ ಈಗಲೇ ಲಾಯರ್ ಯಾಕೆ?

ಈಗ ಮುಖ್ಯವಾದ ವಿಷಯ, ಆಸ್ಪತ್ರೆ ಕಾಗದ. ತುಂಬಾ ಜನ ಎಡವುವುದು ಇಲ್ಲೇ. ಪೊಲೀಸ್ ರಗಳೆ ಬೇಡ ಅಂತ "ಬಚ್ಚಲಲ್ಲಿ ಜಾರಿ ಬಿದ್ದರು" ಅಂತ ಬರೆಸಿಬಿಡುತ್ತಾರೆ. ಆಮೇಲೆ ಹೊಡೆದರು ಅಂದರೆ ಯಾರು ನಂಬುತ್ತಾರೆ? ಅಪ್ಪನದು ಎಂಎಲ್‌ಸಿ (ಪೊಲೀಸ್ ಕೇಸಿನ ಗಾಯ ಅಂತ ಆಸ್ಪತ್ರೆಯವರು ಮಾಡುವ ದಾಖಲೆ) ಆಗಿದೆಯಾ, ಅದರಲ್ಲಿ ಏನು ಬರೆದಿದೆ ಅಂತ ಇವತ್ತೇ ಕೇಳಿ ನೋಡು. ಎಕ್ಸ್‌ರೇ ವರದಿ ತನಿಖಾಧಿಕಾರಿ ಕೈಗೆ ಸೇರಿದೆಯಾ ಅಂತಲೂ ವಿಚಾರಿಸು. ಕಾನೂನಿನಲ್ಲಿ ಮೂಳೆ ಮುರಿತ ಅಂದರೆ ತೀವ್ರ ಗಾಯ, ಕೇಸಿನ ಸೆಕ್ಷನ್ನೇ ಬದಲಾಗುತ್ತದೆ. ಗಾಯದ ಸರ್ಟಿಫಿಕೇಟಿನಲ್ಲಿ ಬರೀ "ಊತ, ನೋವು" ಅಂತಿದ್ದು ಎಕ್ಸ್‌ರೇ ಮನೆಯ ಬೀರುವಿನಲ್ಲಿದ್ದರೆ ಏನು ಪ್ರಯೋಜನ? ಎಫ್‌ಐಆರ್ ಪ್ರತಿ ಬಿಟ್ಟಿ ಕೊಡಲೇಬೇಕು, ಕೇಳಿ ತಗೋ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರೇ ತಿಳಿಸಬೇಕು ಅಂತಲೂ ಕ್ರಿಮಿನಲ್ ಕೇಸು ನಡೆಸುವ ಹೊಸ ಕಾನೂನಿನಲ್ಲಿದೆ (ಬಿಎನ್‌ಎಸ್‌ಎಸ್ ಅನ್ನುತ್ತಾರೆ).

ಇನ್ನು ಪರಿಹಾರ. ಕಳ್ಳರು ಸಿಕ್ಕಿಲ್ಲ, ಹಾಗಾಗಿ ಏನೂ ಬರಲ್ಲ ಅಂತ ನಿನ್ನ ಮಾವ ಬರೆದಿದ್ದು ಸರಿಯಲ್ಲ. ಕರ್ನಾಟಕದಲ್ಲಿ 2011ರ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಅದಕ್ಕೆ ಆಧಾರ ಮೊದಲು ಹಳೇ ಕಾನೂನಾದ ಸಿಆರ್‌ಪಿಸಿಯ 357ಎ ಸೆಕ್ಷನ್, 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್‌ನ 396ನೇ ಸೆಕ್ಷನ್. ಆರೋಪಿ ಪತ್ತೆಯಾಗದೆ ಕೋರ್ಟಿನಲ್ಲಿ ವಿಚಾರಣೆಯೇ ನಡೆಯದಿದ್ದರೂ ಪೆಟ್ಟು ತಿಂದವರು ನೇರವಾಗಿ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು ಅಂತ ಅದರಲ್ಲೇ ಇದೆ. ಅರ್ಜಿ ಬಂದ ಮೇಲೆ ಪ್ರಾಧಿಕಾರ ತನ್ನ ವಿಚಾರಣೆಯನ್ನು ಎರಡು ತಿಂಗಳಲ್ಲಿ ಮುಗಿಸಬೇಕು. ನಿಜ ಹೇಳಬೇಕಂದ್ರೆ ಪೊಲೀಸ್ ವರದಿ, ಆಸ್ಪತ್ರೆ ವರದಿ ಬರುವುದು ತಡವಾದರೆ ಅರ್ಜಿನೂ ಅಲ್ಲೇ ಕೂರುತ್ತದೆ, ನಾವೇ ಬೆನ್ನು ಹತ್ತಬೇಕು. ಎಷ್ಟು ಕೊಡಬೇಕು ಅಂತ ಗಾಯ, ಖರ್ಚು ನೋಡಿ ಪ್ರಾಧಿಕಾರ ತೀರ್ಮಾನ ಮಾಡುತ್ತದೆ. "ಇಷ್ಟು ಕೊಡಿಸ್ತೀನಿ, ನನಗಿಷ್ಟು ಪರ್ಸೆಂಟ್" ಅನ್ನುವವರು ಕೋರ್ಟ್ ಗೇಟಿನ ಹತ್ತಿರವೇ ಸಿಗುತ್ತಾರೆ, ಹುಷಾರು. ಕೇಬಲ್ ನಷ್ಟಕ್ಕೆ ಈ ದಾರಿ ನೆಚ್ಚಿಕೊಳ್ಳಬೇಡ. ಮಾಲು ಸಿಕ್ಕರೆ ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು, ಅಷ್ಟೇ.

ಬಿಟ್ಟಿ ಲಾಯರ್ ಯಾರಿಗೆ ಅಂತ ಇನ್ನೊಬ್ಬರು ಕೇಳಿದ್ದರು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಇವರಿಗೆಲ್ಲ ಆದಾಯ ನೋಡುವುದಿಲ್ಲ. ಉಳಿದವರಿಗೆ ವರ್ಷಕ್ಕೆ 3 ಲಕ್ಷದ ಮಿತಿ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮಾಡಿಸಿಬಿಡಿ. ಕೋರ್ಟ್ ಫೀ, ಕೋರ್ಟ್ ಕಾಗದಗಳ ನಕಲು ಪಡೆಯುವ ಖರ್ಚು ಕೂಡ ಅದರಲ್ಲೇ ಬರುತ್ತದೆ. ಹೀಗೆ ಕೊಟ್ಟ ಲಾಯರ್ "ಓಡಾಟಕ್ಕೆ ಏನಾದರೂ" ಅಂದರೆ ಅದೇ ಕಚೇರಿಯಲ್ಲಿ ದೂರು ಕೊಡಿ, ಅವರು ಕಕ್ಷಿದಾರರಿಂದ ದುಡ್ಡು ತಗೊಳ್ಳುವ ಹಾಗಿಲ್ಲ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸಾದರೆ ಸಂತ್ರಸ್ತರಿಗೂ ಸಾಕ್ಷಿಗಳಿಗೂ ಓಡಾಟದ ಭತ್ಯೆ ಇದೆ, ಯಾರೂ ಕೇಳುವುದೇ ಇಲ್ಲ.

ನಿಮ್ಮೂರಿಂದ ಚಿಕ್ಕಬಳ್ಳಾಪುರಕ್ಕೆ ಸುಮ್ನೆ ಅಲೆಯಬೇಡಿ. ಶಿಡ್ಲಘಟ್ಟ ಕೋರ್ಟ್ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಅಲ್ಲೇ ಅರ್ಜಿ ಬರೆಸಬಹುದು. ಮೊದಲೇ ಫೋನಿನಲ್ಲಿ ಕೇಳಬೇಕಾದರೆ 15100, ದುಡ್ಡಿಲ್ಲ. ಎಫ್‌ಐಆರ್, ಗಾಯದ ಸರ್ಟಿಫಿಕೇಟ್, ಡಿಸ್ಚಾರ್ಜ್ ಕಾಗದ, ಮೆಡಿಕಲ್ ಬಿಲ್‌ಗಳು, ಆಧಾರ್, ಪಾಸ್‌ಬುಕ್ ಎಲ್ಲದರ ಎರಡೆರಡು ಜೆರಾಕ್ಸ್ ಇರಲಿ. ಆಧಾರ್‌ನಲ್ಲಿ ಒಂದು ಹೆಸರು, ಎಫ್‌ಐಆರ್‌ನಲ್ಲಿ ಊರಲ್ಲಿ ಕರೆಯುವ ಹೆಸರು ಇದ್ದರೆ ಅದನ್ನೂ ಅಲ್ಲೇ ಹೇಳು. ಅಪ್ಪನನ್ನೇ ಕರೆದುಕೊಂಡು ಹೋಗು, ಸಹಿ ಅವರದೇ ಬೇಕು. ಬಲಗೈ ಪ್ಲಾಸ್ಟರ್‌ನಲ್ಲಿದ್ದರೆ ಎಡಗೈ ಹೆಬ್ಬೆಟ್ಟು ಒತ್ತಿಸಿದರಾಯಿತು.