ಓದುಗರ ಪ್ರಶ್ನೆ, ನಮ್ಮ ಉತ್ತರ: ತಡರಾತ್ರಿಯ ನಗೆಯೂ ಊರಂಗಡಿಯ ಜಾಹೀರಾತೂ

ಪ್ರಶ್ನೆ: ಅಮೆರಿಕದ ತಡರಾತ್ರಿಯ ಟಿ.ವಿ. ಕಾರ್ಯಕ್ರಮಗಳ ನಿರೂಪಕರಲ್ಲಿ ಜಾನಿ ಕಾರ್ಸನ್ ಅವರೇ ಹಿರಿಯರೆಂದು ಎಲ್ಲರೂ ಹೇಳುತ್ತಾರೆ. ಯೂಟ್ಯೂಬ್‌ನಲ್ಲಿ ಹಳೆಯ ತುಣುಕುಗಳನ್ನು ನೋಡಿದರೆ ನಗಿಸುವವರು ಅತಿಥಿಗಳು, ಕಾರ್ಸನ್ ಸುಮ್ಮನೆ ಕುಳಿತು ನಗುತ್ತಾರೆ. ಅವರ ಹಿರಿಮೆ ಯಾವುದರಲ್ಲಿದೆ?

ಉತ್ತರ: ನೀವು ಕೊರತೆಯೆಂದು ಎಣಿಸಿದ್ದರಲ್ಲಿಯೇ ಇದೆ. 1962ರ ಅಕ್ಟೋಬರ್‌ನಿಂದ 1992ರ ಮೇ ತಿಂಗಳವರೆಗೆ ಎನ್‌ಬಿಸಿ ವಾಹಿನಿಯ ‘ದಿ ಟುನೈಟ್ ಶೋ’ ನಡೆಸಿದ ಕಾರ್ಸನ್, ಅತಿಥಿಯ ಮಾತು ರಂಗೇರುತ್ತಿದ್ದಾಗ ತಮ್ಮದೊಂದು ಚಟಾಕಿಯನ್ನು ನಡುವೆ ತೂರಿಸುವ ಆಸೆಯನ್ನು ಹತ್ತಿಕ್ಕಿಕೊಳ್ಳಬಲ್ಲವರಾಗಿದ್ದರು. ಮಾತು ಸೋತಾಗ ಮಾತ್ರ ಒಂದೇ ಪ್ರಶ್ನೆಯಿಂದ ಅದನ್ನು ಎತ್ತಿ ನಿಲ್ಲಿಸುತ್ತಿದ್ದರು. 1982ರ ಆಗಸ್ಟ್‌ನಲ್ಲಿ ಸ್ಟೀವನ್ ರೈಟ್ ಎಂಬ ಆಗಿನ್ನೂ ಅಪರಿಚಿತ ಹಾಸ್ಯಗಾರ, ಏರಿಳಿತವಿಲ್ಲದ ದನಿಯಲ್ಲಿ, ಮುಖದ ಒಂದು ಗೆರೆಯೂ ಅಲುಗಾಡದಂತೆ ತಮ್ಮ ಪುಟ್ಟ ಪುಟ್ಟ ವಾಕ್ಯಗಳನ್ನು ಹೇಳಿದರು. ಕಾರ್ಸನ್‌ಗೆ ಅದು ಎಷ್ಟು ಹಿಡಿಸಿತೆಂದರೆ ಒಂದು ವಾರದೊಳಗೆ ಅವರನ್ನು ಮತ್ತೆ ಕರೆಸಿಕೊಂಡರು. ಆ ಕಾಲದ ಯುವ ಹಾಸ್ಯಗಾರರಿಗೆ ತಮ್ಮ ಸರದಿ ಮುಗಿದ ಮೇಲೆ ಕಾರ್ಸನ್ ಪಕ್ಕದ ಆಸನಕ್ಕೆ ಕರೆ ಬರುವುದಕ್ಕಿಂತ ದೊಡ್ಡ ಮನ್ನಣೆ ಇರಲಿಲ್ಲ.

ಡೇವಿಡ್ ಲೆಟರ್‌ಮನ್ ಬೇರೆ ಜಾಯಮಾನದವರು. 1982ರಲ್ಲಿ ‘ಲೇಟ್ ನೈಟ್’ ಆರಂಭಿಸಿದ ಅವರು ಕ್ಯಾಮೆರಾವನ್ನು ಸ್ಟುಡಿಯೋದಿಂದ ಬೀದಿಗೆ ಒಯ್ದರು. ಬಲ್ಬುಗಳನ್ನು ಮಾತ್ರ ಮಾರುವ ನ್ಯೂಯಾರ್ಕ್‌ನ ಅಂಗಡಿಗೆ ಹೋಗಿ, ಬಲ್ಬು ಬಿಟ್ಟು ಇನ್ನೇನಿದೆ ಎಂದು ವಿಚಾರಿಸಿದರು. ಇವರಿಬ್ಬರಲ್ಲಿ ಒಬ್ಬರನ್ನು ಆರಿಸಬೇಕೆಂದರೆ ನನ್ನ ಮತ ಕಾರ್ಸನ್‌ಗೇ. ಈಗಿನವರಲ್ಲಿ ಜಿಮ್ಮಿ ಫಾಲನ್ ಹಾಡು, ಅನುಕರಣೆ ಎಲ್ಲದರಲ್ಲೂ ಪಳಗಿದವರು, ಒಪ್ಪುತ್ತೇನೆ. ಆದರೆ ಮೊಬೈಲಿನಲ್ಲಿ ಎರಡು ನಿಮಿಷ ಓಡುವ ಆಟಗಳಿಗೆ ಅತಿಥಿಗಳನ್ನು ಇಳಿಸಿದಾಗ, ಅವರೊಡನೆ ನಡೆಯಬೇಕಾಗಿದ್ದ ಮಾತುಕತೆ ನಡೆಯುವುದೇ ಇಲ್ಲ.

ಪ್ರಶ್ನೆ: ಅಮೆರಿಕದ ಹಾಸ್ಯ ಕಾರ್ಯಕ್ರಮಗಳಲ್ಲಿ ಅಂಗಡಿ ಮಾಲೀಕನೊಬ್ಬ ಕ್ಯಾಮೆರಾದ ಮುಂದೆ ಕೂಗಾಡುವ ಅಣಕು ಜಾಹೀರಾತು ಮತ್ತೆ ಮತ್ತೆ ಬರುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಅಷ್ಟೊಂದು ಮಹತ್ವವೇಕೆ?

ಉತ್ತರ: ವಿಷಯ ಸಣ್ಣದಲ್ಲ. ಅಲ್ಲಿ ನೆಟ್‌ವರ್ಕ್ ಎಂಬುದು ಕಾರ್ಯಕ್ರಮವನ್ನು ಒದಗಿಸುತ್ತದೆ; ಅದನ್ನು ಮನೆಮನೆಗೆ ತಲುಪಿಸುವುದು ಆಯಾ ನಗರದ ಸ್ಥಳೀಯ ಕೇಂದ್ರ. ಜಾಹೀರಾತಿನ ಹೆಚ್ಚಿನ ಸಮಯವನ್ನು ನೆಟ್‌ವರ್ಕ್ ಮಾರಿಕೊಂಡು, ಕೆಲವು ನಿಮಿಷಗಳನ್ನು ಕೇಂದ್ರಕ್ಕೆ ಬಿಟ್ಟುಕೊಡುತ್ತದೆ. ನೋಡುಗರು ಕಡಿಮೆಯಿರುವ ತಡರಾತ್ರಿಯ ಹೊತ್ತು ಅಗ್ಗ. ಹೀಗಾಗಿ ಸಂಜೆಯ ದುಬಾರಿ ವೇಳೆಯಲ್ಲಿ ಕಾಲಿಡಲಾಗದ ಕಾರು ಮಾರಾಟಗಾರ, ಪೀಠೋಪಕರಣದ ವ್ಯಾಪಾರಿ ಇಲ್ಲಿ ಮೂವತ್ತು ಸೆಕೆಂಡು ಕೊಳ್ಳಬಲ್ಲರು. ನಟನನ್ನು ಕರೆಸಲು ಹಣವಿಲ್ಲವಾದ್ದರಿಂದ ಮಾಲೀಕರೇ ನಟರಾಗುತ್ತಾರೆ. ಬರೆದುಕೊಂಡ ಮಾತನ್ನು ಕಣ್ಣರಳಿಸಿ ಓದುವುದು, ಕೈಯನ್ನು ಎಲ್ಲಿಡಬೇಕೆಂದು ತಿಳಿಯದಿರುವುದು, ದೂರವಾಣಿ ಸಂಖ್ಯೆಯನ್ನು ಎರಡೆರಡು ಸಲ ಹೇಳುವುದು, ಇವೆಲ್ಲ ಅಲ್ಲಿಂದ ಬಂದವು.

ಇವರಲ್ಲಿ ಕೆಲವರು ತಮ್ಮ ಪ್ರದೇಶದಲ್ಲಿ ಚಿತ್ರನಟರಷ್ಟೇ ಪ್ರಸಿದ್ಧರಾದರು. ದಕ್ಷಿಣ ಕ್ಯಾಲಿಫೋರ್ನಿಯಾದ ಕಾರು ವ್ಯಾಪಾರಿ ಕ್ಯಾಲ್ ವರ್ದಿಂಗ್ಟನ್ ಕೌಬಾಯ್ ಟೋಪಿ ಧರಿಸಿ, ‘ನನ್ನ ನಾಯಿ ಸ್ಪಾಟ್’ ಜೊತೆಗೆ ಬಂದಿದ್ದೇನೆ ಎನ್ನುತ್ತಿದ್ದರು. ಪಕ್ಕದಲ್ಲಿರುತ್ತಿದ್ದುದು ಹುಲಿ, ಆನೆ, ಇಲ್ಲವೇ ನೀರಾನೆ. ನಾಯಿ ಒಮ್ಮೆಯೂ ಬರಲಿಲ್ಲ. ನ್ಯೂಯಾರ್ಕ್‌ನಲ್ಲಿ ‘ಕ್ರೇಜಿ ಎಡ್ಡಿ’ ಎಂಬ ಎಲೆಕ್ಟ್ರಾನಿಕ್ಸ್ ಮಳಿಗೆಗಳ ಪರವಾಗಿ ಜೆರ್ರಿ ಕ್ಯಾರೊಲ್ ತೋಳು ಬೀಸುತ್ತಾ, ಉಸಿರು ಕಟ್ಟುವಷ್ಟು ವೇಗವಾಗಿ ಬೆಲೆ ಇಳಿಕೆಯನ್ನು ಸಾರುತ್ತಿದ್ದರು. ಎಷ್ಟೋ ಜನ ಅವರನ್ನೇ ಎಡ್ಡಿ ಎಂದು ತಿಳಿದಿದ್ದರು. ನಿಜವಾದ ಮಾಲೀಕ ಎಡ್ಡಿ ಆಂಟರ್ ಲೆಕ್ಕಪತ್ರದ ವಂಚನೆಯಲ್ಲಿ ಸಿಕ್ಕಿಬಿದ್ದು, ದೇಶ ಬಿಟ್ಟು ಓಡಿ, 1992ರಲ್ಲಿ ಇಸ್ರೇಲಿನಲ್ಲಿ ಬಂಧಿತರಾದರು. ಊರಿನ ವ್ಯಾಪಾರಿ ಎಂದ ಮಾತ್ರಕ್ಕೆ ಪ್ರಾಮಾಣಿಕನೆಂದು ನಂಬಬೇಕಾಗಿಲ್ಲ. ಆದರೂ, ಸಾಮಾನು ಸರಿಯಿಲ್ಲವೆಂದರೆ ಮರುದಿನ ಹೋಗಿ ಕೇಳಬಹುದಾದ ಮುಖವೊಂದು ಪರದೆಯ ಮೇಲೆ ಕಾಣುವುದನ್ನು ನಾನು ಇಂದಿಗೂ ನುಣುಪಾದ ರಾಷ್ಟ್ರವ್ಯಾಪಿ ಜಾಹೀರಾತಿಗಿಂತ ಹೆಚ್ಚು ಗೌರವಿಸುತ್ತೇನೆ.

ತಡರಾತ್ರಿ ಎಚ್ಚರವಿದ್ದ ಪ್ರೇಕ್ಷಕರೆಲ್ಲರಿಗೂ ಈ ಮುಖಗಳು ಪರಿಚಿತವಾಗಿದ್ದುದರಿಂದ ಅಣಕಕ್ಕೆ ಪೀಠಿಕೆಯೇ ಬೇಕಿರಲಿಲ್ಲ. ಕಾರ್ಸನ್ ಅವರೇ ‘ಆರ್ಟ್ ಫರ್ನ್’ ಎಂಬ ಪಾತ್ರದಲ್ಲಿ ತೆಳು ಮೀಸೆ, ಕೃತಕ ಕೂದಲು ಹೊತ್ತು, ಹೆದ್ದಾರಿಗಳ ನಕ್ಷೆಯ ಮೇಲೆ ಕೋಲನ್ನು ಆಡಿಸುತ್ತಾ ಎಂದೂ ತಲುಪಲಾಗದ ಅಂಗಡಿಗೆ ದಾರಿ ಹೇಳುತ್ತಿದ್ದರು. 1975ರ ಅಕ್ಟೋಬರ್‌ನಲ್ಲಿ ಶುರುವಾದ ‘ಸ್ಯಾಟರ್ಡೇ ನೈಟ್ ಲೈವ್’ನಲ್ಲಿ, ಮರುವರ್ಷವೇ, ಡ್ಯಾನ್ ಆಕ್ರಾಯ್ಡ್ ಇಡೀ ಮೀನೊಂದನ್ನು ಮಿಕ್ಸಿಗೆ ಹಾಕಿ ರುಬ್ಬುವ ‘ಬಾಸ್-ಒ-ಮ್ಯಾಟಿಕ್’ ಯಂತ್ರವನ್ನು ಮಾರಲು ಬಂದರು. ಆ ಪ್ರಹಸನದ ಜೀವಾಳ ಮೀನಲ್ಲ. ಅಡುಗೆಮನೆಯ ಸಲಕರಣೆ ಮಾರುವವರ ತರಾತುರಿ, ವಿಶ್ವಾಸ, ಶ್ರದ್ಧೆ ಒಂದೂ ಸಡಿಲವಾಗದಂತೆ ಆಕ್ರಾಯ್ಡ್ ಕೊನೆಯವರೆಗೆ ಹಿಡಿದಿಟ್ಟ ದನಿ. ನೋಡಿ ನಗಿರೆಂದು ಅವರು ಒಮ್ಮೆಯೂ ಸನ್ನೆ ಮಾಡುವುದಿಲ್ಲ. ಅಣಕಿಸುವವನಿಗೆ ಮೂಲದ ಮೇಲೆ ಪ್ರೀತಿಯಿಲ್ಲದಿದ್ದರೆ ಇಷ್ಟು ನಿಖರತೆ ಬರುವುದಿಲ್ಲವೆಂದು ನಾನು ನಂಬಿದ್ದೇನೆ.

ಕಾರ್ಯಕ್ರಮದ ಒಳಗೇ ನೇರವಾಗಿ ಜಾಹೀರಾತು ಹೇಳುವ ಪದ್ಧತಿಯೂ ಇತ್ತು. ಕಾರ್ಸನ್ ಅವರ ಜೊತೆಗಾರ ಎಡ್ ಮ್ಯಾಕ್‌ಮಹೋನ್ ನಾಯಿಯ ಆಹಾರವೊಂದನ್ನು ಹೊಗಳುತ್ತಿದ್ದ ರಾತ್ರಿ, ನಾಯಿ ತಟ್ಟೆಯನ್ನು ಮೂಸಿಯೂ ನೋಡಲಿಲ್ಲ. ಕಾರ್ಸನ್ ನಾಲ್ಕು ಕಾಲಿನಲ್ಲಿ ನಡೆದು ಬಂದು ನಾಯಿಯ ಪಾತ್ರವನ್ನು ತಾವೇ ವಹಿಸಿಕೊಂಡರು.

ಪ್ರಶ್ನೆ: ಕಾರ್ಯಕ್ರಮಕ್ಕಿಂತ ಜಾಹೀರಾತಿನ ಸದ್ದೇ ಜೋರು. ಅಮೆರಿಕದಲ್ಲಿ ಇದಕ್ಕೆ ಕಾನೂನು ಇದೆಯೆಂದು ಓದಿದೆ, ನಿಜವೇ?

ಉತ್ತರ: ನಿಜ. 2010ರಲ್ಲಿ ಅಂಗೀಕಾರವಾದ ‘ಕಾಮ್’ ಕಾಯ್ದೆಯ ನಿಯಮಗಳು 2012ರ ಡಿಸೆಂಬರ್ 13ರಿಂದ ಜಾರಿಯಲ್ಲಿವೆ. ಜಾಹೀರಾತಿನ ಸರಾಸರಿ ಧ್ವನಿಮಟ್ಟ ಅದು ಬರುವ ಕಾರ್ಯಕ್ರಮದ ಧ್ವನಿಮಟ್ಟವನ್ನು ಮೀರಬಾರದು. ಸರಾಸರಿಯನ್ನಷ್ಟೇ ಅಳೆಯುವುದರಿಂದ ಒಂದೆರಡು ಕ್ಷಣದ ಅಬ್ಬರ ತಪ್ಪಿಸಿಕೊಳ್ಳುತ್ತದೆ. ಈ ನಿಯಮ ಅಂತರ್ಜಾಲದ ಸ್ಟ್ರೀಮಿಂಗ್ ಸೇವೆಗಳಿಗೆ ಅನ್ವಯಿಸುವುದಿಲ್ಲ. ಆ ಕೊರತೆಯನ್ನು ತನ್ನ ಮಟ್ಟಿಗೆ ತುಂಬಲು ಕ್ಯಾಲಿಫೋರ್ನಿಯಾ 2025ರಲ್ಲಿ ಪ್ರತ್ಯೇಕ ಕಾನೂನು ಮಾಡಿತು.

ಪ್ರಶ್ನೆ: ಸ್ಟೀಫನ್ ಕೋಲ್ಬೇರ್ ಅವರ ‘ಲೇಟ್ ಶೋ’ವನ್ನೇ ನಿಲ್ಲಿಸುವ ತೀರ್ಮಾನವಾಯಿತು. ತಡರಾತ್ರಿಯ ಹಾಸ್ಯದ ಕಾಲ ಮುಗಿಯಿತೇ?

ಉತ್ತರ: 2026ರ ಮೇ ತಿಂಗಳಿಗೆ ಕಾರ್ಯಕ್ರಮವನ್ನು ಮುಗಿಸುವುದಾಗಿ 2025ರ ಜುಲೈನಲ್ಲಿ ಪ್ರಕಟಿಸಿದ ಸಿಬಿಎಸ್ ವಾಹಿನಿ, ಕಾರಣ ಕೇವಲ ಹಣಕಾಸಿನದು ಎಂದಿತು. ಮಾತೃಸಂಸ್ಥೆ ಪ್ಯಾರಾಮೌಂಟ್ ಆಗ ತನ್ನ ವಿಲೀನಕ್ಕೆ ಸರ್ಕಾರದ ಒಪ್ಪಿಗೆಯನ್ನು ಎದುರುನೋಡುತ್ತಿದ್ದುದರಿಂದ ಅನೇಕರು ಆ ಮಾತನ್ನು ನಂಬಲಿಲ್ಲ. ಜಾಹೀರಾತಿನ ಆದಾಯ ಇಳಿದಿರುವುದಂತೂ ನಿಜ. ಆದರೆ ನನ್ನನ್ನು ಹೆಚ್ಚು ಕಾಡುವುದು ಸ್ಥಳೀಯ ಕೇಂದ್ರಗಳ ಸ್ಥಿತಿ.

ಹಿಂದೆ ಆ ಕೇಂದ್ರಗಳ ಮುನಿಸಿಗೆ ಊರಿನ ಕಾರಣವಿರುತ್ತಿತ್ತು. 2009ರಲ್ಲಿ ಎನ್‌ಬಿಸಿ, ‘ಟುನೈಟ್ ಶೋ’ದ ಹಿಂದಿನ ನಿರೂಪಕ ಜೇ ಲೆನೊ ಅವರನ್ನು ರಾತ್ರಿ ಹತ್ತು ಗಂಟೆಗೆ ತಂದಾಗ, ಅದರ ಬೆನ್ನಿಗೇ ಹನ್ನೊಂದಕ್ಕೆ ಬರುವ ಸ್ಥಳೀಯ ವಾರ್ತೆಯ ನೋಡುಗರು ಕಡಿಮೆಯಾದರು, ಕೇಂದ್ರಗಳು ಪ್ರತಿಭಟಿಸಿದವು, ನೆಟ್‌ವರ್ಕ್ ಲೆನೊ ಅವರನ್ನು ಮತ್ತೆ ತಡರಾತ್ರಿಗೆ ತಂದು ‘ಟುನೈಟ್ ಶೋ’ವನ್ನು ಇನ್ನೂ ತಡಕ್ಕೆ ತಳ್ಳಹೋಗಿ, ಅದಕ್ಕೊಪ್ಪದ ಆಗಿನ ನಿರೂಪಕ ಕೋನನ್ ಓಬ್ರಯನ್ 2010ರ ಜನವರಿಯಲ್ಲಿ ಆ ಕಾರ್ಯಕ್ರಮವನ್ನು ತೊರೆಯಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಎಬಿಸಿ ವಾಹಿನಿಯ ತಡರಾತ್ರಿಯ ನಿರೂಪಕ ಜಿಮ್ಮಿ ಕಿಮ್ಮೆಲ್ ಅವರ ಮಾತೊಂದಕ್ಕೆ ಸರ್ಕಾರದ ಪ್ರಸಾರ ನಿಯಂತ್ರಕರು ಎಚ್ಚರಿಕೆ ನೀಡಿದ ಬಳಿಕ, ಕಾರ್ಯಕ್ರಮವನ್ನು ಬಿತ್ತರಿಸುವುದಿಲ್ಲವೆಂದು ಹೇಳಿದವರು ನೆಕ್ಸ್‌ಸ್ಟಾರ್ ಮತ್ತು ಸಿಂಕ್ಲೇರ್. ಹತ್ತಾರು ನಗರಗಳ ಕೇಂದ್ರಗಳು ಈ ಎರಡು ಕಂಪನಿಗಳ ಕೈಯಲ್ಲಿವೆ. ಎಬಿಸಿ ಕಾರ್ಯಕ್ರಮವನ್ನು ತಡೆಹಿಡಿಯಿತು, ಒಂದು ವಾರದೊಳಗೆ ಮರಳಿ ತಂದಿತು. ಆ ಎರಡು ಕಂಪನಿಗಳು ಇನ್ನೂ ಕೆಲವು ದಿನ ಹಟ ಹಿಡಿದವು. ಅಷ್ಟೂ ನಗರಗಳ ಪರವಾಗಿ ತೀರ್ಮಾನ ಮಾಡಿದ್ದು ಎರಡೇ ಕಚೇರಿಗಳು.

ಹಾಸ್ಯವೇ ಇಲ್ಲವಾಗುತ್ತದೆಂದು ನಾನು ಹೇಳಲಾರೆ. ಚಂದಾ ಹಣದಿಂದ ನಡೆಯುವ ಎಚ್‌ಬಿಒದಲ್ಲಿ 2014ರಿಂದ ಜಾನ್ ಆಲಿವರ್ ಜಾಹೀರಾತಿನ ಹಂಗಿಲ್ಲದೆ, ಒಂದೇ ವಿಷಯವನ್ನು ಆಳವಾಗಿ ಬಿಡಿಸಿ ಹೇಳುತ್ತಿದ್ದಾರೆ, ಬಹಳ ಚೆನ್ನಾಗಿ ಹೇಳುತ್ತಿದ್ದಾರೆ. ಆದರೆ ಅದು ವಾರಕ್ಕೊಮ್ಮೆ, ಚಂದಾ ಕಟ್ಟಿದವರಿಗೆ. ಬೆಳಗಿನ ಸುದ್ದಿಗೆ ಅದೇ ದಿನ ಬರೆದ ಹಾಸ್ಯವನ್ನು, ಊರಿನ ಕಾರು ವ್ಯಾಪಾರಿಯ ಕೂಗಿನ ನಡುವೆ, ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದಾದ ವ್ಯವಸ್ಥೆಗೆ ಅದು ಬದಲಿಯಾಗುವುದಿಲ್ಲ.