ಮಲೆನಾಡಿನ ಕಣಿವೆಗಳಿಗೆ ಹ್ಯಾಮ್ ರೇಡಿಯೊ ಸಂಪರ್ಕ: ಅಗ್ಗದ ನೋಡ್‌ಗಳು ಸಾಕೇ?

ನಿಮ್ಮ ಹ್ಯಾಮ್ (ಹವ್ಯಾಸಿ ರೇಡಿಯೊ) ಕ್ಲಬ್ಬಿನ ವಿಎಚ್‌ಎಫ್ ರಿಪೀಟರ್ (ಬಂದ ದನಿಯನ್ನು ಹಿಡಿದು ಮತ್ತೆ ಪ್ರಸಾರ ಮಾಡುವ ಯಂತ್ರ) ಬೆಟ್ಟದ ತುದಿಯಲ್ಲಿದ್ದರೂ ಹಿಂಬದಿಯ ಕಣಿವೆಗಳಿಗೆ ಸಿಗುತ್ತಿಲ್ಲ, ಇಂಟರ್ನೆಟ್ ಮೂಲಕ ಬೆಸೆದ ಅಗ್ಗದ ಪುಟ್ಟ ರೇಡಿಯೊ ಠಾಣೆಗಳಿಂದ, ಅಂದರೆ ನೋಡ್‌ಗಳಿಂದ, ಈ ಕೊರತೆ ನೀಗೀತೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ನೀಗುತ್ತದೆ, ಆದರೆ ಮಲೆನಾಡಿನಲ್ಲಿ ಎಲ್ಲ ನೋಡ್‌ಗಳನ್ನೂ ಇಂಟರ್ನೆಟ್ಟನ್ನೇ ನಂಬಿ ಕಟ್ಟಬಾರದು ಎಂಬುದು ನನ್ನ ಅಭಿಪ್ರಾಯ.

ಆಂಟೆನಾದ ಎತ್ತರವನ್ನು ಮೀಟರುಗಳಲ್ಲಿ ಹಿಡಿದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ (ಅಡ್ಡಿಯಿಲ್ಲದಿದ್ದರೆ ತರಂಗ ತಲುಪುವ ದೂರ) ಕಿಲೋಮೀಟರುಗಳಲ್ಲಿ ಸಿಗುತ್ತದೆ. ಸುತ್ತಲಿನ ನೆಲಕ್ಕಿಂತ 900 ಮೀಟರ್ ಎತ್ತರದ ಶಿಖರಕ್ಕೆ ಇದು ಸುಮಾರು 124 ಕಿಲೋಮೀಟರ್. ಬಯಲುಸೀಮೆಯ ಕಡೆಗೆ ಈ ಲೆಕ್ಕ ಹೆಚ್ಚುಕಡಿಮೆ ಹೊಂದುತ್ತದೆ. ಘಟ್ಟದ ಕಡೆ ನಡುವೆ ಒಂದು ಗುಡ್ಡದ ಸಾಲು ಅಡ್ಡ ಬಂದರೆ ತೀರ ಹತ್ತಿರದ ಊರಿನಲ್ಲೂ ಬರೀ ಗೊರಗೊರ ಸದ್ದು. ರಿಪೀಟರಿನ ಪವರ್ ಹೆಚ್ಚಿಸಿ ಫಲವಿಲ್ಲ, ಏಕೆಂದರೆ ಅದರ ದನಿ ಕೇಳಿಸಿದರೂ ನಿಮ್ಮ 5 ವ್ಯಾಟ್ ಹ್ಯಾಂಡಿಯ (ಕೈಯಲ್ಲಿ ಹಿಡಿಯುವ ರೇಡಿಯೊದ) ದನಿ ಮೇಲೇರಿ ತಲುಪುವುದಿಲ್ಲ.

ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಯುಎಸ್‌ಬಿ ಸೌಂಡ್ ಕಾರ್ಡ್, ಒಂದು ಸಣ್ಣ ರೇಡಿಯೊ, ಇಂಟರ್ನೆಟ್ ಮೂಲಕ ರೇಡಿಯೊಗಳನ್ನು ಬೆಸೆಯುವ ಆಲ್‌ಸ್ಟಾರ್‌ಲಿಂಕ್ ತಂತ್ರಾಂಶ: ನೋಡ್ ಎಂದರೆ ಇಷ್ಟೇ. ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿಯ ಮೇಲೆ ಕೇಳುವ, ಹೇಳುವ ಸಿಂಪ್ಲೆಕ್ಸ್ ನೋಡಿಗೆ ದುಬಾರಿ ಡ್ಯುಪ್ಲೆಕ್ಸರ್ (ಒಂದೇ ಆಂಟೆನಾದಲ್ಲಿ ಏಕಕಾಲಕ್ಕೆ ಕೇಳಲು, ಹೇಳಲು ಬಿಡುವ ಫಿಲ್ಟರ್) ಬೇಕಿಲ್ಲವಾದ್ದರಿಂದಲೇ ಅದು ಅಗ್ಗ. ಆದರೆ ಅದು ಪ್ರಸಾರ ಮಾಡುತ್ತಿರುವಾಗ ನೀವು ನಡುವೆ ಬಾಯಿ ಹಾಕುವಂತಿಲ್ಲ, ಹಾಗಾಗಿ ಪ್ರತಿಯೊಬ್ಬರೂ ಮಾತಿನ ನಡುವೆ ಒಂದೆರಡು ಸೆಕೆಂಡು ಬಿಡುವುದನ್ನು ರೂಢಿಸಿಕೊಳ್ಳಬೇಕು. ಒಂದು ನೋಡ್ ಹಿಡಿದ ಗದ್ದಲ ಎಲ್ಲ ನೋಡ್‌ಗಳಿಗೂ ಹರಡುವುದರಿಂದ ಸಿಟಿಸಿಎಸ್‌ಎಸ್ ಟೋನ್ (ದನಿಯ ಜೊತೆ ಹೋಗುವ, ರಿಸೀವರನ್ನು ತೆರೆಸುವ ಸಣ್ಣ ಗುರುತಿನ ಸ್ವರ) ಇಲ್ಲದೆ ಯಾವುದನ್ನೂ ಜೋಡಿಸಬೇಡಿ. ಮೊಬೈಲ್ ಡೇಟಾದಲ್ಲಿ ಹೊರಗಿನಿಂದ ಬರುವ ಸಂಪರ್ಕ ಸಾಮಾನ್ಯವಾಗಿ ನೋಡನ್ನು ತಲುಪುವುದಿಲ್ಲ. ಸಾರ್ವಜನಿಕ ಐಪಿ ವಿಳಾಸವಿರುವ ಒಂದು ಹಬ್ ಸರ್ವರ್ ಇಟ್ಟು, ನೋಡ್‌ಗಳೇ ಅದನ್ನು ಕರೆಯುವಂತೆ ಮಾಡಿದರೆ ಆ ತೊಡಕಿಲ್ಲ. ಉಳಿದ ಹಣವನ್ನು ಆಂಟೆನಾ, ಕೇಬಲ್ಲಿಗೆ ಹಾಕಿ: 435 ಮೆಗಾಹರ್ಟ್ಸ್‌ನಲ್ಲಿ ಹತ್ತು ಮೀಟರ್ ಆರ್‌ಜಿ-58 ಕೇಬಲ್ ಅರ್ಧಕ್ಕಿಂತ ಹೆಚ್ಚು ಪವರನ್ನು ತಾನೇ ನುಂಗುತ್ತದೆ.

ಇನ್ನು ಮಳೆಗಾಲದ ಮಾತು. ಕರೆಂಟು, ನೆಟ್‌ವರ್ಕ್ ಎರಡೂ ಹೋದ ದಿನ ಇಂಟರ್ನೆಟ್ ನೋಡ್ ಬರೀ ಡಬ್ಬಿ. ಹ್ಯಾಮ್ ಬೇಕಾಗುವುದು ಅಂಥ ದಿನವೇ. ಆದ್ದರಿಂದ ಬೆಟ್ಟವೂ ಕಣಿವೆಯೂ ಎರಡೂ ಕಾಣುವ ಒಂದು ನೆತ್ತಿಯನ್ನು ಹುಡುಕಿ (ಕಾಫಿ ತೋಟದ ಮೇಲ್ತುದಿಯಾದರೂ ಆದೀತು), ಅಲ್ಲಿ ಕ್ರಾಸ್‌ಬ್ಯಾಂಡ್ ಸೌಲಭ್ಯವಿರುವ (ಒಂದು ಬ್ಯಾಂಡಿನಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಪ್ರಸಾರ ಮಾಡುವ) ಮೊಬೈಲ್ ರೇಡಿಯೊ, ಅಂದರೆ ವಾಹನಕ್ಕೆ ಹಾಕುವಂಥ ರೇಡಿಯೊ, ಒಂದನ್ನು 12 ವೋಲ್ಟ್ ಬ್ಯಾಟರಿಯ ಮೇಲೆ ಇಡಿ. ಕಣಿವೆಯತ್ತ ಯುಎಚ್‌ಎಫ್ (ವಿಎಚ್‌ಎಫ್‌ಗಿಂತ ಮೇಲಿನ ಬ್ಯಾಂಡ್), ರಿಪೀಟರಿನತ್ತ ವಿಎಚ್‌ಎಫ್ ಯಾಗಿ (ಒಂದೇ ದಿಕ್ಕಿಗೆ ಮುಖ ಮಾಡಿದ ಆಂಟೆನಾ). ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಮಾತು ಮುಗಿದ ಮೇಲೂ ರಿಪೀಟರಿನ ಕ್ಯಾರಿಯರ್ (ದನಿಯಿಲ್ಲದ ಬರಿಯ ತರಂಗ) ಕೆಲ ಸೆಕೆಂಡು ಉಳಿಯುತ್ತದೆ, ಅಷ್ಟು ಹೊತ್ತೂ ನಿಮ್ಮ ರೇಡಿಯೊ ಕಣಿವೆಯತ್ತ ಪ್ರಸಾರ ಮಾಡುತ್ತಲೇ ಇರುವುದರಿಂದ ಕೆಳಗಿನವರಿಗೆ ಮಾತಿಗೆ ಅವಕಾಶವೇ ಸಿಗುವುದಿಲ್ಲ. ಯಾರಾದರೂ ಮಾತನಾಡುತ್ತಿರುವಾಗ ಮಾತ್ರ ರಿಪೀಟರ್ ಟೋನ್ ಕಳಿಸುವಂತೆ ಹೊಂದಿಸಿ, ಕ್ರಾಸ್‌ಬ್ಯಾಂಡ್ ರೇಡಿಯೊ ಆ ಟೋನಿಗಷ್ಟೇ ತೆರೆದುಕೊಳ್ಳುವಂತೆ ಮಾಡಿದರೆ ಇದು ಪರಿಹಾರವಾಗುತ್ತದೆ.

ಆಪರೇಟರ್ ಇಲ್ಲದೆ ನಡೆಯುವ ಇಂಥ ಠಾಣೆಗಳಿಗೂ ಇಂಟರ್ನೆಟ್ ಜೋಡಣೆಗೂ ನಿಮ್ಮ ಲೈಸೆನ್ಸಿನ ಷರತ್ತುಗಳು ಏನು ಹೇಳುತ್ತವೆ ಎಂಬುದನ್ನು ಡಬ್ಲ್ಯುಪಿಸಿಯಿಂದ (ಲೈಸೆನ್ಸ್ ಕೊಡುವ ಕೇಂದ್ರ ಸರ್ಕಾರದ ವಿಭಾಗ) ಮೊದಲೇ ಬರಹದಲ್ಲಿ ಪಡೆಯಿರಿ. ಪಕ್ಕದ ಜಿಲ್ಲೆಯವರು ನಡೆಸುತ್ತಿದ್ದಾರೆ ಎಂಬುದು ಅನುಮತಿಯಾಗುವುದಿಲ್ಲ.