ವೀಸಾ ಇಲ್ಲದ ಬಸುರಿಗೆ ಟೆಕ್ಸಾಸ್‌ನಲ್ಲಿ ಸರ್ಕಾರಿ ವಿಮೆ

ಪ್ರಶ್ನೆ: ಮಗಳು ವಿದ್ಯಾರ್ಥಿ ವೀಸಾದಲ್ಲಿ ಡಲ್ಲಾಸ್‌ಗೆ ಹೋದವಳು. ಓದು ಅರ್ಧಕ್ಕೆ ನಿಂತಿತು. ಈಗ ಅವಳಿಗೂ ಅಳಿಯನಿಗೂ ವೀಸಾ ಇಲ್ಲ. ನಾಲ್ಕು ತಿಂಗಳ ಬಸುರಿ. ವಿಮೆ ಇಲ್ಲವೆಂದು ಇನ್ನೂ ಡಾಕ್ಟರಿಗೆ ತೋರಿಸಿಲ್ಲ. ಅಲ್ಲಿನ ಸರ್ಕಾರದಿಂದ ಏನಾದರೂ ಸಿಗುತ್ತದೆಯೇ?
– ಒಬ್ಬ ತಾಯಿ, ಹಾಸನ

ಉತ್ತರ: ಸಿಗುತ್ತದೆ ಅಮ್ಮ. ಆದರೆ ಇನ್ನು ತಡಮಾಡಬಾರದು.

ಟೆಕ್ಸಾಸ್‌ನಲ್ಲಿ ‘ಚಿಪ್ ಪೆರಿನೇಟಲ್’ ಎಂಬ ಯೋಜನೆಯಿದೆ. ಇದು ಕಾನೂನಿನ ಲೆಕ್ಕದಲ್ಲಿ ಹೊಟ್ಟೆಯೊಳಗಿನ ಮಗುವಿನ ವಿಮೆ. ಆದ್ದರಿಂದ ತಾಯಿಗೆ ವೀಸಾ ಇಲ್ಲದಿದ್ದರೂ ಕೊಡುತ್ತಾರೆ. ವರಮಾನ ಅಮೆರಿಕ ಸರ್ಕಾರದ ಬಡತನ ರೇಖೆಯ ಶೇ. 202 ಮೀರಬಾರದು. ಹುಟ್ಟಲಿರುವ ಮಗುವನ್ನೂ ಎಣಿಸುವುದರಿಂದ ನಿಮ್ಮ ಮಗಳದು ಮೂವರ ಕುಟುಂಬ. 2025ರ ಲೆಕ್ಕದಲ್ಲಿ ಮೂವರಿಗೆ ಈ ಮಿತಿ ತಿಂಗಳಿಗೆ ಸುಮಾರು 4,486 ಡಾಲರ್. ಇಬ್ಬರೆಂದು ಬರೆದು ಅರ್ಜಿ ಕಳೆದುಕೊಳ್ಳುವವರಿದ್ದಾರೆ. ಹೆರಿಗೆಯ ಅಂದಾಜು ದಿನಾಂಕ, ಮಕ್ಕಳು ಒಂದೋ ಅವಳಿಯೋ ಎಂಬುದನ್ನು ಬಿಡದೆ ತುಂಬಲಿ. ಸಂಬಳದ ಚೀಟಿ ಇಲ್ಲದೆ ಕೈಗೆ ಹಣ ಪಡೆಯುವ ಕೆಲಸವಾದರೆ ಮಾಲೀಕರಿಂದ ಪತ್ರ ಬರೆಸಿಕೊಳ್ಳಲಿ. ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲದಿದ್ದರೆ ಆ ಜಾಗ ಖಾಲಿ ಬಿಡಬೇಕು. ಬೇರೆಯವರ ನಂಬರ್ ಎಂದಿಗೂ ಬೇಡ. ಅರ್ಜಿಗೆ ಅಲ್ಲಿನ ಸಹಾಯವಾಣಿ 211ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಬಸುರಿನ ತಪಾಸಣೆ, ರಕ್ತಪರೀಕ್ಷೆ, ವಿಟಮಿನ್ ಮಾತ್ರೆ, ಹೆರಿಗೆಯ ನಂತರ ಎರಡು ಭೇಟಿ ಇದರಲ್ಲಿ ಸೇರಿವೆ. ತಪಾಸಣೆ 28 ವಾರದವರೆಗೆ ನಾಲ್ಕು ವಾರಕ್ಕೊಮ್ಮೆ, 36ರ ನಂತರ ಪ್ರತಿ ವಾರ. 24ರಿಂದ 28ನೇ ವಾರದೊಳಗಿನ ಸಕ್ಕರೆ ಪರೀಕ್ಷೆ ತಪ್ಪಿಸಲೇಬಾರದು. ನಮ್ಮ ಕಡೆಯ ಹೆಂಗಸರಲ್ಲಿ ಬಸುರಿನ ಸಕ್ಕರೆ ಕಾಯಿಲೆ ಹೆಚ್ಚು. ನಾನು ಅವಸರ ಮಾಡಿ ಎನ್ನುತ್ತಿರುವುದು ಇದಕ್ಕೇ.

ವರಮಾನ ಬಡತನ ರೇಖೆಯ ಶೇ. 198ರೊಳಗಿದ್ದರೆ ಆಸ್ಪತ್ರೆಯ ಹೆರಿಗೆ ಖರ್ಚನ್ನು ತುರ್ತು ಮೆಡಿಕೇಡ್ (ಬಡವರ ಸರ್ಕಾರಿ ವಿಮೆಯ ತುರ್ತು ಭಾಗ) ಕೊಡುತ್ತದೆ. ಅದಕ್ಕೆ ‘ಎಚ್3038-ಪಿ’ ಎಂಬ ಫಾರಂ ಅಂಚೆಯಲ್ಲಿ ಬರುತ್ತದೆ. ಹೆರಿಗೆಯಾದ ಮೇಲೆ ಡಾಕ್ಟರ್ ಅದನ್ನು ತುಂಬಿ ಸಹಿ ಹಾಕಬೇಕು, ರಾಜ್ಯದ ಕಚೇರಿಗೆ ಕಳಿಸಬೇಕು. ಆ ಕಾಗದ ಕಳೆದರೆ ಆಸ್ಪತ್ರೆಯ ಬಿಲ್ಲು ಮನೆಗೇ ಬರುತ್ತದೆ. ಮಗುವಿನ ಒಂದು ವರ್ಷದ ಮೆಡಿಕೇಡ್‌ಗೂ ಇದೇ ದಾರಿ. ಫಾರಂ ಬಂದ ಕೂಡಲೇ ಆಸ್ಪತ್ರೆಗೆ ಹೋಗುವ ಚೀಲದಲ್ಲಿ ಇಡಲು ಹೇಳಿ.

ಹೆರಿಗೆಯಾಗದೆ ಸುಳ್ಳುನೋವಿಗೆ ಆಸ್ಪತ್ರೆ ಸೇರಿದರೆ ಆ ಖರ್ಚು ಚಿಪ್ ಪೆರಿನೇಟಲ್‌ನಲ್ಲಿ ಬರುವುದಿಲ್ಲ. ಹಾಗೆಂದು ರಕ್ತ ಹೋದರೆ, ನೋವು ಬಂದರೆ ಮನೆಯಲ್ಲಿ ಕೂರಬಾರದು. 1986ರ ಕೇಂದ್ರ ಕಾನೂನಿನಂತೆ ತುರ್ತು ವಿಭಾಗದವರು ಹಣ, ದಾಖಲೆ ಏನೂ ಇಲ್ಲದಿದ್ದರೂ ಪರೀಕ್ಷಿಸಲೇಬೇಕು.

ಪ್ರಶ್ನೆ: ಆಸ್ಪತ್ರೆಯಲ್ಲಿ ವೀಸಾ ಕೇಳಿದರೆ? ಅರ್ಜಿಯಿಂದ ಗಡೀಪಾರಿನ ಭಯವಿಲ್ಲವೇ?

ಉತ್ತರ: 2024ರ ನವೆಂಬರ್‌ನಿಂದ ಟೆಕ್ಸಾಸ್ ಆಸ್ಪತ್ರೆಗಳು ಈ ಪ್ರಶ್ನೆ ಕೇಳುತ್ತವೆ. ಉತ್ತರಿಸದಿದ್ದರೂ ಚಿಕಿತ್ಸೆ ನಿಲ್ಲದು. ಸುಳ್ಳು ಮಾತ್ರ ಹೇಳಬಾರದು. ಅರ್ಜಿಯ ವಿಷಯದಲ್ಲಿ ನಿಮ್ಮ ಭಯಕ್ಕೆ ಕಾರಣವಿದೆ: 2025ರಲ್ಲಿ ಮೆಡಿಕೇಡ್ ಮಾಹಿತಿ ಗಡೀಪಾರು ನೋಡಿಕೊಳ್ಳುವ ಗೃಹಭದ್ರತಾ ಇಲಾಖೆಯ ಕೈಗೆ ಹೋಗಿದೆ. ಅರ್ಜಿ ಹಾಕುವ ಮೊದಲು, ಇದೇ ವಾರ, ಮಗಳು ವಲಸೆ ವಕೀಲರನ್ನು ಕಂಡು ಮಾತಾಡಲಿ.